ಬಲೆಯ ಕಣ್ಣು ಎಲ್ಲಿ ಕಿರಿದಾಗಬೇಕು?

ಸುನಾಮಿಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವವರ ಕಷ್ಟವನ್ನು ಮೊದಲು ನೋಡಿ. ಅಲೆಯ ವೇಗವು ಗುರುತ್ವ ವೇಗೋತ್ಕರ್ಷ ಮತ್ತು ನೀರಿನ ಆಳಗಳ ಗುಣಲಬ್ಧದ ವರ್ಗಮೂಲ. 4000 ಮೀಟರ್ ಆಳದಲ್ಲಿ ಇದು ಗಂಟೆಗೆ ಸುಮಾರು 710 ಕಿ.ಮೀ. ಅಲ್ಲಿ ಕೆಲವು ಕಿ.ಮೀ. ಅಗಲದ ಚೌಕಗಳ ಜಾಲ ಸಾಕು. ಬಂದರಿನೊಳಗೆ ಹತ್ತಾರು ಮೀಟರಿನ ಚೌಕಗಳು ಬೇಕು. ಚೌಕದ ಬದಿಯನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟು, ಕಾಲದ ಹೆಜ್ಜೆಗಳು ಎರಡು ಪಟ್ಟು, ಒಟ್ಟು ಲೆಕ್ಕ ಎಂಟು ಪಟ್ಟಾಗುತ್ತದೆ.

ಬೇಕಾದ ಕಡೆ ಮಾತ್ರ ಜಾಲವನ್ನು ಸೂಕ್ಷ್ಮಗೊಳಿಸುವ ವಿಧಾನವನ್ನು 1984ರಲ್ಲಿ ಬರ್ಗರ್ ಮತ್ತು ಆಲಿಗರ್ ಪ್ರಕಟಿಸಿದರು. ಅದನ್ನು ಸುನಾಮಿಗೆ ಅಳವಡಿಸಿದ ಬಗೆಯನ್ನು ಲೆವೆಕ್, ಜಾರ್ಜ್ ಮತ್ತು ಬರ್ಗರ್ 2011ರ ‘ಆಕ್ಟಾ ನ್ಯೂಮರಿಕಾ’ ಲೇಖನದಲ್ಲಿ ವಿವರಿಸಿದ್ದಾರೆ. ‘ಜಿಯೋಕ್ಲಾ’ ತಂತ್ರಾಂಶದ ಮಾದರಿ ಕ್ರಮವಿಧಿಗಳನ್ನೂ ಜೊತೆಗೆ ಒದಗಿಸಿರುವುದು ಅದರ ದೊಡ್ಡ ಗುಣ. ಓದುಗರು ತಾವೇ ಪರೀಕ್ಷಿಸಬಹುದು.

ಲೇಖನದ ಅತ್ಯುತ್ತಮ ಭಾಗ ನಿಶ್ಚಲ ಸಮುದ್ರವನ್ನು ಕುರಿತದ್ದು. ಕಡಲತಳ ಏರುಪೇರಾಗಿರುವಾಗ, ಚೌಕವನ್ನು ಒಡೆದು ನೀರಿನ ಆಳವನ್ನೇ ಹಂಚಿದರೆ ಇಲ್ಲದ ಅಲೆ ಏಳುತ್ತದೆ. ನಿಜವಾದ ಸುನಾಮಿಯೇ ಆಳ ಸಾಗರದಲ್ಲಿ ಸಾಮಾನ್ಯವಾಗಿ ಒಂದು ಮೀಟರಿಗಿಂತ ಕಡಿಮೆ ಎತ್ತರವಿರುವುದರಿಂದ ಈ ಸುಳ್ಳು ಅಲೆ ಅದನ್ನು ನುಂಗಿಬಿಡಬಹುದು. ಆದ್ದರಿಂದ ಆಳದ ಬದಲು ಮೇಲ್ಮಟ್ಟವನ್ನು ಹಂಚುತ್ತಾರೆ. ಆದರೆ ದಡದಲ್ಲಿ ಒಡೆದ ಚೌಕಗಳಲ್ಲಿ ಕೆಲವು ಒಣಗಿದ್ದು ಕೆಲವು ತೇವವಾಗಿರುತ್ತವೆ. ಮಟ್ಟವನ್ನು ಉಳಿಸಿಕೊಂಡರೆ ನೀರಿನ ರಾಶಿ ತುಸು ಬದಲಾಗುತ್ತದೆ. ಲೇಖಕರು ಇದನ್ನು ಮುಚ್ಚಿಟ್ಟಿಲ್ಲ. ಅಲೆ ಬರುವ ಮುನ್ನವೇ ದಡದ ಜಾಲವನ್ನು ಸೂಕ್ಷ್ಮಗೊಳಿಸುವುದು ಕ್ಷೇಮ.

ನನ್ನ ಮುಖ್ಯ ಆಕ್ಷೇಪ ಬೇರೆ. ನೀರಿನ ಮಟ್ಟ ನಿಗದಿತ ಮಿತಿಗಿಂತ ಹೆಚ್ಚು ಏರಿಳಿದ ಚೌಕವನ್ನು ಒಡೆಯಬೇಕೆಂಬುದು ಇಲ್ಲಿನ ಸಾಮಾನ್ಯ ನಿಯಮ. ಆ ಮಿತಿಯನ್ನು ಆರಿಸುವವರು ನಾವು. ನಮ್ಮ ಊರಿನತ್ತ ಬಾರದ ದೊಡ್ಡ ಅಲೆಗೂ ಈ ನಿಯಮ ಶ್ರಮ ವ್ಯಯಿಸುತ್ತದೆ. ಎಲ್ಲೋ ಪ್ರತಿಫಲಿಸಿ ತಡವಾಗಿ ನಮ್ಮಲ್ಲಿಗೆ ಬರುವ ಸಣ್ಣ ಅಲೆಯನ್ನು ಒರಟು ಜಾಲಕ್ಕೇ ಬಿಡಬಹುದು. ಡೇವಿಸ್ ಮತ್ತು ಲೆವೆಕ್ 2016ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿದರು: ದಡದಿಂದ ಕಾಲದಲ್ಲಿ ಹಿಂದಕ್ಕೆ ಲೆಕ್ಕಹಾಕಿ, ಯಾವ ಅಲೆ ಆ ದಡವನ್ನು ಮುಟ್ಟುತ್ತದೆಂದು ಮೊದಲೇ ಗುರುತಿಸುವುದು. ಆದರೂ ಯಾವ ದಡ ಎಂಬ ಆಯ್ಕೆ ಮನುಷ್ಯರದೇ.

ಅಧ್ಯಾಪಕರೇ, ವಿದ್ಯಾರ್ಥಿಗಳಿಂದ ಒಂದೇ ಸುನಾಮಿಯನ್ನು ಎರಡು ಬೇರೆ ಮಿತಿಗಳಲ್ಲಿ ಲೆಕ್ಕಹಾಕಿಸಿ. ದಡದಲ್ಲಿ ನೀರು ಏರಿದ ಎತ್ತರ ಬದಲಾದರೆ, ಉತ್ತರವನ್ನು ನಿರ್ಧರಿಸಿದ್ದು ಸಮುದ್ರವಲ್ಲ, ನಮ್ಮ ಮಿತಿ. ಮುಳುಗಡೆಯ ನಕ್ಷೆ ನೋಡಿ ಜನರನ್ನು ಮನೆ ಬಿಡಿಸುವಾಗ, ಲೆಕ್ಕ ಬೇಗ ಮುಗಿಯಿತೆಂಬುದಷ್ಟೇ ಸಾಲದು.