ಎರಡು ತೂತಿನ ಗ್ಯಾಸ್ಕೆಟ್: ಒಂದು ಚೀಟಿಗೆ ವ್ಯಾಖ್ಯಾನ

ಹಳೆಯ ಡೀಸೆಲ್ ಕಾರಿನ ಹೆಡ್ ಬಿಚ್ಚಿದ ಮೇಲೆ ಮೆಕ್ಯಾನಿಕ್ ಮಾಲೀಕರ ಕೈಗೆ ಒಂದು ಚೀಟಿ ಕೊಡುತ್ತಾನೆ. ಮಾಲೀಕರು ಅದನ್ನು ಸಾಮಾನಿನ ಪಟ್ಟಿ ಎಂದು ಜೇಬಿಗೆ ಸೇರಿಸಿ ಅಂಗಡಿಗೆ ಹೋಗುತ್ತಾರೆ. ಅಂಥ ಚೀಟಿಯೊಂದರ ಸಾಲುಗಳನ್ನು ಬಿಡಿಸಿ ನೋಡೋಣ.

‘ಆಕ್ಟೇವಿಯಾ 1.9 ಟಿಡಿಐ, 90 ಎಚ್‌ಪಿ. ಬೋರಿಂಗ್ ಆಗಿದೆ, ಪಿಸ್ಟನ್ ಹೊಸದು.’

ಔರಂಗಾಬಾದಿನಲ್ಲಿ ಜೋಡಣೆಯಾಗಿ ನಮ್ಮ ರಸ್ತೆಗಿಳಿದ ಸ್ಕೋಡಾ ಆಕ್ಟೇವಿಯಾದ ಎಂಜಿನ್ ಇದು, ಮೂಲ ಫೋಕ್ಸ್‌ವ್ಯಾಗನ್‌ನದು. 1896 ಸಿಸಿ, ಬೋರ್ 79.5 ಮಿ.ಮೀ., ಸ್ಟ್ರೋಕ್ 95.5 ಮಿ.ಮೀ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಇದರ ಪಿಸ್ಟನ್ ಮೇಲಕ್ಕೆ ಬಂದಾಗ ಬ್ಲಾಕಿನ ಮಟ್ಟದಲ್ಲಿ ನಿಲ್ಲುವುದಿಲ್ಲ, ಸುಮಾರು 1 ಮಿ.ಮೀ. ಹೊರಗೇ ಬರುತ್ತದೆ. ಪೆಟ್ರೋಲ್ ಎಂಜಿನ್ ಬಿಚ್ಚಿ ಪಳಗಿದವರು ಇದನ್ನು ಮೊದಲ ಸಲ ಕಂಡಾಗ ಬ್ಲಾಕ್ ಅತಿಯಾಗಿ ಫೇಸಿಂಗ್ ಆಗಿದೆ ಎಂದುಕೊಳ್ಳುವುದುಂಟು. ಅಲ್ಲ, ವಿನ್ಯಾಸವೇ ಹಾಗೆ. ಹೊರಬಂದ ಪಿಸ್ಟನ್ ಹೆಡ್ಡಿಗೆ ತಾಗದಂತೆ ಕಾಯುವುದು ಗ್ಯಾಸ್ಕೆಟ್ಟಿನ ದಪ್ಪ ಒಂದೇ.

ಸಾಲಿನ ಉತ್ತರಾರ್ಧವನ್ನು ಇನ್ನೂ ಗಮನವಿಟ್ಟು ಓದಬೇಕು. ಪಿಸ್ಟನ್, ಬ್ಲಾಕ್ ಎರಡೂ ಹಳೆಯವೇ ಆಗಿದ್ದರೆ ಅಳತೆಯ ಗೊಡವೆ ಬೇಡ, ಹಳೆ ಗ್ಯಾಸ್ಕೆಟ್ಟಿನ ಗುರುತನ್ನೇ ಹೊತ್ತ ಹೊಸದನ್ನು ಹಾಕಿದರಾಯಿತು. ಪಿಸ್ಟನ್ ಬದಲಾಯಿತೋ, ಆ ಸಾಕ್ಷಿ ಅಲ್ಲಿಗೆ ಬಿದ್ದುಹೋಯಿತು.

‘ಹಳೇ ಗ್ಯಾಸ್ಕೆಟ್: ಒಂದು ತೂತು.’

ನೀರಿನ ತೂತು, ಆಯಿಲ್ ತೂತುಗಳ ಮಾತಲ್ಲ. ಗ್ಯಾಸ್ಕೆಟ್ಟಿನ ಅಂಚಿನಲ್ಲಿ, ಪಾರ್ಟ್ ನಂಬರಿನ ಹತ್ತಿರ ಒಂದೋ ಎರಡೋ ಮೂರೋ ಚಿಕ್ಕ ತೂತುಗಳಿರುತ್ತವೆ. ದಪ್ಪದ ಗುರುತು ಅವೇ: ಒಂದು ತೂತಿಗೆ 1.45 ಮಿ.ಮೀ., ಎರಡಕ್ಕೆ 1.53, ಮೂರಕ್ಕೆ 1.61. ಬೇರೆ ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ತೂತಿನ ಬದಲು ಅಂಚಿನಲ್ಲಿ ಕಚ್ಚುಗಳಿರುತ್ತವೆ, ಲೆಕ್ಕವೂ ಬೇರೆ. ಒಂದರ ಕೋಷ್ಟಕ ಇನ್ನೊಂದಕ್ಕೆ ನಡೆಯದು. ಹಳೆಯದಕ್ಕೆ ವರ್ನಿಯರ್ ಹಿಡಿದು ದಪ್ಪ ಕಂಡುಹಿಡಿಯುವ ಜಾಣರೂ ಇದ್ದಾರೆ. ವರ್ಷಗಟ್ಟಲೆ ಬೋಲ್ಟಿನಡಿ ಅದುಮಿಸಿಕೊಂಡು ಬೆಂದದ್ದು ಯಾವ ಅಳತೆ ತಾನೇ ಹೇಳೀತು? ತೂತು ಎಣಿಸುವುದೇ ಸರಿ.

ಈ ಗಾಡಿಗೆ ಈ ಸಾಲು ಬರೀ ಇತಿಹಾಸ. ಮೆಕ್ಯಾನಿಕ್ ಯಾಕೆ ಬರೆದ? ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ‘ಹಳೇದು ಎಷ್ಟು ತೂತು ಸಾರ್?’ ಎಂಬುದೇ ಆದ್ದರಿಂದ ಇರಬೇಕು. ಉತ್ತರ ಕೊಟ್ಟರೆ ಅದನ್ನೇ ತೆಗೆದುಕೊಡುತ್ತಾರೆ. ಸಾಮಾನಿಗಾಗಿ ಜೆ.ಸಿ. ರೋಡಿನ ಅಂಗಡಿಗಳಿಗೆ ಹೋಗುವವರು ಮುಂದಿನ ಸಾಲನ್ನು ಮೊದಲು ಓದಿ ಹೇಳುವುದು ಒಳ್ಳೆಯದು.

‘ಪಿಸ್ಟನ್ ಎತ್ತರ: 0.97, 0.99, 0.98, 1.06.’

ಚೀಟಿಯ ಜೀವಾಳ ಈ ನಾಲ್ಕು ಅಂಕಿ. ಪಡೆಯುವ ಬಗೆ ಹೀಗೆ: ಬ್ಲಾಕಿನ ಮುಖವನ್ನು, ಪಿಸ್ಟನ್ ತಲೆಯನ್ನು ಚೊಕ್ಕ ಒರೆಸಬೇಕು. ಡಯಲ್ ಗೇಜನ್ನು ಬ್ಲಾಕಿನ ಮೇಲೆ ಅಡ್ಡ ಕೂರಿಸಿ, ಬ್ಲಾಕಿನ ಮುಖಕ್ಕೆ ಮುಳ್ಳು ತಾಗಿಸಿ ಸೊನ್ನೆ ಮಾಡಬೇಕು. ಆಮೇಲೆ ಮುಳ್ಳನ್ನು ಪಿಸ್ಟನ್ ಮೇಲಿಟ್ಟು ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಹೋದರೆ ಮುಳ್ಳು ಏರಿ, ಕ್ಷಣ ನಿಂತು, ಇಳಿಯತೊಡಗುತ್ತದೆ. ನಿಂತ ಜಾಗದ ಅಂಕಿಯೇ ಬೇಕಾದದ್ದು. ಮುಳ್ಳಿಡುವುದು ನಡುವಿನ ಕುಳಿಯಲ್ಲಲ್ಲ, ಅಂಚಿನ ಸಪಾಟಾದ ಭಾಗದಲ್ಲಿ. ಅದೂ ಪಿಸ್ಟನ್ ಪಿನ್ನಿನ ನೇರಕ್ಕೆ. ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ ಪಿಸ್ಟನ್ ಬೋರಿನೊಳಗೆ ತುಸು ವಾಲುತ್ತದೆ, ಅಲ್ಲಿ ಅಳೆದರೆ ಅಂಕಿ ಸುಳ್ಳಾಗುತ್ತದೆ.

ನಾಲ್ಕನೆಯದು ಯಾಕೆ ಎದ್ದು ಕಾಣುತ್ತಿದೆ? ಬ್ಲಾಕ್ ಓರೆಯಾಗಿ ಫೇಸಿಂಗ್ ಆಗಿದ್ದರೆ ಅಂಕಿಗಳು ಒಂದನೆಯದರಿಂದ ಮೆಲ್ಲನೆ ಏರುತ್ತಾ ಬರಬೇಕಿತ್ತು. ಇಲ್ಲಿ ಮೂರು ಒಂದೇ ಮಟ್ಟದಲ್ಲಿದ್ದು ಕೊನೆಯದು ಮಾತ್ರ ಜಿಗಿದಿದೆ. ಕನೆಕ್ಟಿಂಗ್ ರಾಡ್ ಬಾಗಿದ್ದರೆ ಪಿಸ್ಟನ್ ಕೆಳಗುಳಿಯುತ್ತದೆಯೇ ಹೊರತು ಮೇಲೆ ಬರುವುದಿಲ್ಲ. ಹಾಗಾಗಿ ಮೊದಲ ಅನುಮಾನ ಗೇಜಿನ ಕಾಲಡಿಯ ಕಸದ ಮೇಲೆ, ಆಮೇಲೆ ಆ ಪಿಸ್ಟನ್ ಮೇಲೆ. ಒರೆಸಿ ಮತ್ತೆ ಅಳೆದಾಗಲೂ 1.06 ಎಂದೇ ಬಂದರೆ ಒಪ್ಪಿಕೊಳ್ಳಬೇಕು.

‘ಎರಡು ತೂತಿನದೇ ತನ್ನಿ.’

ಕಂಪನಿಯ ಲೆಕ್ಕ ಇದು: ಪಿಸ್ಟನ್ 0.91ರಿಂದ 1.00 ಮಿ.ಮೀ. ಹೊರಬಂದರೆ ಒಂದು ತೂತು, 1.01ರಿಂದ 1.10ಕ್ಕೆ ಎರಡು, 1.11ರಿಂದ 1.20ಕ್ಕೆ ಮೂರು. ನಮ್ಮ ನಾಲ್ಕರಲ್ಲಿ ಮೂರು ಪಿಸ್ಟನ್ ಒಂದು ತೂತು ಕೇಳುತ್ತಿವೆ. ಸರಾಸರಿ ತೆಗೆದರೂ ಸರಿಯಾಗಿ 1.00 ಬರುತ್ತದೆ, ಅದೂ ಒಂದೇ ತೂತು. ಆದರೆ ಬಾಗಿಲಿನ ಎತ್ತರ ಇಡುವಾಗ ಮನೆಯಲ್ಲಿ ಎಲ್ಲರಿಗಿಂತ ಉದ್ದ ಇರುವವನನ್ನು ನೋಡುತ್ತಾರೆ. ಇಲ್ಲೂ ಹಾಗೇ, ತೀರ್ಮಾನ ಅತಿ ಎತ್ತರದ ಪಿಸ್ಟನ್ನಿನದು.

ಒಂದು ತೂತಿನದು ಹಾಕಿದರೆ ನಾಲ್ಕನೆಯ ಪಿಸ್ಟನ್ನಿಗೂ ಹೆಡ್ಡಿಗೂ ಉಳಿಯುವ ಸಂದು 1.45ರಲ್ಲಿ 1.06 ಕಳೆದು 0.39. ಕೋಷ್ಟಕದ ಪ್ರಕಾರ ಆರಿಸಿದರೆ ಯಾವ ದರ್ಜೆಯಲ್ಲೂ ಸಂದು 0.41ಕ್ಕಿಂತ ಕೆಳಗಿಳಿಯದು. ಎಂಜಿನ್ ನಿಂತಾಗಿನ ಲೆಕ್ಕ ಇದು. ಓಡುವಾಗ ರಾಡ್ ಹಿಗ್ಗುತ್ತದೆ, ಬೇರಿಂಗಿನ ಸಡಿಲವೂ ಪಿಸ್ಟನ್ನನ್ನು ಮೇಲೆ ಬಿಡುತ್ತದೆ, ಕಾರ್ಬನ್ ಕೂರುತ್ತದೆ.

‘ಹಾಗಿದ್ದರೆ ಮೂರು ತೂತಿನದೇ ಹಾಕಿಬಿಡಿ, ಅಪಾಯವೇ ಇಲ್ಲವಲ್ಲ’ ಎನ್ನುವವರಿಗೂ ಉತ್ತರವಿದೆ. ಈ ಎಂಜಿನ್ನಿನ ಕಂಪ್ರೆಷನ್ 19.5ಕ್ಕೆ 1. ಅಂದರೆ ಸಿಲಿಂಡರಿನ 474 ಸಿಸಿ ಗಾಳಿಯನ್ನು ಅದುಮಿ ಕೂರಿಸಲು ಮೇಲೆ ಉಳಿಯುವ ಜಾಗ ಸುಮಾರು 25.6 ಸಿಸಿ. ದಪ್ಪ 0.08 ಮಿ.ಮೀ. ಹೆಚ್ಚಾದರೆ ಆ ಜಾಗ 0.4 ಸಿಸಿ ಬೆಳೆದು ಕಂಪ್ರೆಷನ್ 19.2ರ ಆಸುಪಾಸಿಗೆ ಇಳಿಯುತ್ತದೆ. ಡೀಸೆಲ್ಲಿಗೆ ಬೆಂಕಿ ಹೊತ್ತಿಸುವುದೇ ಅದುಮಿದ ಗಾಳಿಯ ಬಿಸಿ. ಒಂದು ದರ್ಜೆಯ ವ್ಯತ್ಯಾಸಕ್ಕೆ ಎಂಜಿನ್ ಕೆಡುವುದಿಲ್ಲ ನಿಜ, ಆದರೆ ಚಳಿಗಾಲದ ಬೆಳಗ್ಗೆ ಸ್ಟಾರ್ಟಾಗಲು ಹಟ, ಬಿಳಿ ಹೊಗೆ ಇವಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

‘ಹೆಡ್ ಫೇಸಿಂಗ್ ಮಾಡಿಸಬೇಡಿ.’

ಗ್ಯಾಸ್ಕೆಟ್ ಹೋಯಿತೆಂದರೆ ಹೆಡ್ಡನ್ನು ಫೇಸಿಂಗಿಗೆ ಕಳಿಸುವುದು ನಮ್ಮಲ್ಲಿ ರೂಢಿ. ಈ ಎಂಜಿನ್ನಿಗೆ ಅದು ನಿಷಿದ್ಧ. ಹೆಡ್ಡಿನ ತಳ ಸಪಾಟು, ವಾಲ್ವ್‌ಗಳು ಪಿಸ್ಟನ್ನಿನ ನೇರ ಮೇಲೆ. ತಳ ಹೆರೆದಷ್ಟೂ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ, ಸೊಟ್ಟ 0.1 ಮಿ.ಮೀ. ದಾಟಿದ್ದರೆ ಹೆಡ್ಡನ್ನೇ ಬದಲಿಸಬೇಕು. ಹೆರೆದು ದಪ್ಪ ಗ್ಯಾಸ್ಕೆಟ್ಟಿನಿಂದ ಸರಿದೂಗಿಸುವುದು ಗ್ಯಾರೇಜುಗಳಲ್ಲಿ ನಡೆಯುವ ಉಪಾಯ, ನನಗಂತೂ ಒಪ್ಪಿಗೆಯಿಲ್ಲ.

‘ಬೋಲ್ಟ್ 10, ಹೊಸವು. 40, 60, 90, 90.’

ಮೊದಲೆರಡು ನ್ಯೂಟನ್ ಮೀಟರ್, ಕೊನೆಯವೆರಡು ಡಿಗ್ರಿ: ಎರಡು ಸಲ ಕಾಲು ಸುತ್ತು. ಈ ಬೋಲ್ಟ್ ಬಿಗಿಯುವಾಗ ಹಿಗ್ಗುವಂಥದ್ದು, ಎರಡನೇ ಸಲಕ್ಕೆ ಬಾರದು. ಗ್ಯಾಸ್ಕೆಟ್ ಇಡುವಾಗ ಪಾರ್ಟ್ ನಂಬರ್ ಮೇಲ್ಮುಖವಾಗಿರಲಿ. ಬೋಲ್ಟಿನ ಕುಳಿಗಳಲ್ಲಿ ಕೂಲಂಟೋ ಆಯಿಲೋ ನಿಂತಿದ್ದರೆ ಗಾಳಿ ಊದಿ ಒಣಗಿಸಲೇಬೇಕು. ಬೋಲ್ಟ್ ಇಳಿಯುವಾಗ ಆ ದ್ರವಕ್ಕೆ ಹೋಗಲು ಜಾಗವಿರುವುದಿಲ್ಲ. ಟಾರ್ಕ್ ತಪ್ಪು ತೋರಿಸುತ್ತದೆ, ಒಮ್ಮೊಮ್ಮೆ ಬ್ಲಾಕೇ ಸೀಳುತ್ತದೆ.