ಸಾನ್ ದಿಯೆಗೊ: ಒಂದು ಫಿಲಿಪೀನ ಗ್ರಾಮದ ಕಥೆಯೂ ಚರಿತ್ರೆಯೂ

ಅರಸರ ಚರಿತ್ರೆಗೆ ಶಾಸನಗಳುಂಟು, ಯುದ್ಧಗಳ ಚರಿತ್ರೆಗೆ ವರದಿಗಳುಂಟು; ಒಂದು ಊರಿನ ಅನುದಿನದ ಬಾಳಿಗೆ ಅಂಥ ಸಾಕ್ಷ್ಯವು ದೊರೆಯುವುದು ವಿರಳ. ಫಿಲಿಪೀನ ದ್ವೀಪಗಳ ವಿಷಯದಲ್ಲಿ ಈ ಕೊರತೆಯು ಇನ್ನಷ್ಟು ಎದ್ದು ಕಾಣುವುದು. 1565ರಿಂದ 1898ರವರೆಗೆ ನಡೆದ ಸ್ಪ್ಯಾನಿಷ್ ಆಳ್ವಿಕೆಯಲ್ಲಿ ಊರಿನ ಜನನ, ವಿವಾಹ, ಮರಣಗಳನ್ನು ಬರೆದಿಟ್ಟವರು ಇಗರ್ಜಿಯ ಪಾದ್ರಿಗಳು. ತೆರಿಗೆಯ ಲೆಕ್ಕವನ್ನು ಇಟ್ಟವರು ಸರ್ಕಾರಕ್ಕೆ ಉತ್ತರ ಹೇಳಬೇಕಾದವರು. ಆಳಿಸಿಕೊಂಡವರ ದೃಷ್ಟಿಯು ಆ ಕಡತಗಳಲ್ಲಿ ಅಪರೂಪವಾಗಿಯೇ ಕಾಣುವುದು. ಆದುದರಿಂದಲೇ 1887ರಲ್ಲಿ ಬರ್ಲಿನ್ ನಗರದಲ್ಲಿ ಅಚ್ಚಾದ ಹೊಸೆ ರಿಸಾಲನ (1861–1896) ‘ನೋಲಿ ಮೆ ತಾಂಗೆರೆ’ ಎಂಬ ಸ್ಪ್ಯಾನಿಷ್ ಕಾದಂಬರಿಗೆ ಸಾಹಿತ್ಯದಲ್ಲಿ ಮಾತ್ರವಲ್ಲದೆ ಗ್ರಾಮಚರಿತ್ರೆಯಲ್ಲಿಯೂ ಒಂದು ಸ್ಥಾನವು ಸಂದಿದೆ. ಆ ಸ್ಥಾನವು ಎಂಥದು, ಅದರ ಎಲ್ಲೆ ಯಾವುದು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಈ ಗ್ರಂಥವನ್ನು ಕ್ರಿಸೊಸ್ತೊಮೊ ಇಬಾರಾ ಎಂಬ ತರುಣನ ಕಥೆಯೆಂದು ಹೇಳುವುದು ವಾಡಿಕೆ. ಅವನು ಯೂರೋಪಿನಿಂದ ಹಿಂದಿರುಗಿ, ತನ್ನ ಊರಿನಲ್ಲಿ ಶಾಲೆಯೊಂದನ್ನು ಕಟ್ಟಿಸಲು ಹೊರಟು, ಶತ್ರುಗಳ ಒಳಸಂಚಿಗೆ ಸಿಕ್ಕಿ ನಾಶವಾಗುವನು. ಆದರೆ ಇಬಾರಾನ ಮಾತುಗಳು ಎಷ್ಟೋ ಕಡೆ ಉಪನ್ಯಾಸದಂತಿವೆ. ಅವನ ಪ್ರಣಯವು ಆ ಕಾಲದ ಯೂರೋಪಿನ ಕಾದಂಬರಿಗಳ ಪಡಿಯಚ್ಚು. ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದು ಅವನಲ್ಲ, ಅವನ ಊರು. ಸಾನ್ ದಿಯೆಗೊ ಎಂಬ ಆ ಊರೇ ಈ ಕೃತಿಯ ನಿಜವಾದ ನಾಯಕನೆಂದರೆ ತಪ್ಪಾಗಲಾರದು.

ಊರಿನ ವರ್ಣನೆಯು ಹತ್ತನೆಯ ಅಧ್ಯಾಯದಲ್ಲಿದೆ. ಸರೋವರದ ದಡ, ಸುತ್ತಲೂ ಗದ್ದೆ ಹುಲ್ಲುಗಾವಲುಗಳು. ಸಕ್ಕರೆ, ಅಕ್ಕಿ, ಕಾಫಿ, ಹಣ್ಣುಗಳು ಅಲ್ಲಿಯ ಸರಕು. ಅವನ್ನು ಅಗ್ಗದ ಬೆಲೆಗೆ ಕೊಳ್ಳುವವರು ಚೀನೀ ವರ್ತಕರು. ಇಗರ್ಜಿಯ ಗೋಪುರವನ್ನೇರಿದ ಹುಡುಗರು ಗರಿಯ ಮಾಡು, ಹಂಚಿನ ಮಾಡುಗಳ ನಡುವೆ ತಂತಮ್ಮ ಮನೆಯನ್ನು ಹುಡುಕುತ್ತಾರೆ. ಒಬ್ಬನಿಗೆ ಗುರುತು ಹುಣಿಸೆಯ ಮರ, ಮತ್ತೊಬ್ಬನಿಗೆ ತೆಂಗು. ಇಷ್ಟರಲ್ಲಿ ಕವಿಯು ಗದ್ದೆಗಳ ನಡುವಣ ಕಾಡಿನ ಕಡೆಗೆ ಕಣ್ಣು ತಿರುಗಿಸುವನು. ಎಲ್ಲಿಂದಲೋ ಬಂದ ಮುದುಕ ಸ್ಪ್ಯಾನಿಯನೊಬ್ಬನು ಆ ಕಾಡನ್ನು ಬಟ್ಟೆ, ಒಡವೆ, ಹಣಗಳನ್ನು ತೆತ್ತು ಕೊಂಡನಂತೆ. ಕೆಲವು ಕಾಲದ ಮೇಲೆ ಅವನ ಹೆಣವು ಆಲದ ಜಾತಿಯ ಬಲೆತೆ ಮರಕ್ಕೆ ತೂಗುತ್ತಿದ್ದುದು ಕಂಡಿತಂತೆ. ಅವನ ಮಗ ಸತುರ್ನಿನೊ ಬಂದು ನೀಲಿಯ ಬೆಳೆಯನ್ನಿಟ್ಟನು, ಒಕ್ಕಲುಗಳು ನೆಲಸಿದರು, ಕೇರಿ ಹಳ್ಳಿಯಾಯಿತು, ಹಳ್ಳಿ ಪೇಟೆಯಾಯಿತು, ದೇಶೀಯ ಪಾದ್ರಿಯು ತೀರಿಕೊಂಡ ಮೇಲೆ ದಾಮಸೊ ಎಂಬ ಸ್ಪ್ಯಾನಿಷ್ ಸಂನ್ಯಾಸಿಯು ಬಂದನು. ಊರು ಬೆಳೆದಂತೆ ಅದರ ಗುರುಪೀಠವು ಊರವರ ಕೈತಪ್ಪಿತೆಂಬುದನ್ನು ಗ್ರಂಥಕರ್ತನು ಟೀಕೆಯಿಲ್ಲದೆ ಒಂದೇ ಉಸಿರಿನಲ್ಲಿ ಹೇಳಿಬಿಡುವನು. ಐತಿಹ್ಯವೆಂದು ತೋರಿದ ಈ ಮೂಲಕಥೆಯು ಮುಂದೆ ಫಲಕ್ಕೆ ಬರುವುದು: ಆ ಮುದುಕನೇ ಎಲಿಯಾಸನ ಮನೆತನವನ್ನು ಹಾಳುಮಾಡಿದವನೆಂದೂ ಇಬಾರಾನು ಅವನ ಮರಿಮಗನೆಂದೂ ತಿಳಿದುಬರುವುದು. ಊರಿಗೆ ಒಳಿತನ್ನು ಮಾಡಹೊರಟವನ ಆಸ್ತಿಯ ಬುಡದಲ್ಲಿಯೇ ಹಳೆಯ ಅನ್ಯಾಯವೊಂದಿದೆ.

ಊರಿನ ಒಡೆಯರಾರು ಎಂಬ ಪ್ರಶ್ನೆಗೆ ಹನ್ನೊಂದನೆಯ ಅಧ್ಯಾಯವೆಲ್ಲ ಮೀಸಲು. ಅತ್ಯಂತ ಸಿರಿವಂತನಾಗಿದ್ದ ದೊನ್ ರಫಾಯೆಲನು ಒಡೆಯನಲ್ಲ. ಗ್ರಾಮಾಧಿಕಾರಿಯೂ ಅಲ್ಲ, ಅವನು ಐದು ಸಾವಿರ ಪೆಸೊ ಸುರಿದು ಪದವಿಯನ್ನು ಕೊಂಡವನು, ಆಜ್ಞೆ ಮಾಡುವವನಲ್ಲ, ಆಜ್ಞೆಗೆ ಒಳಗಾಗುವವನು. ನಿಜವಾದ ಒಡೆಯರು ಇಬ್ಬರು: ಪಾದ್ರಿ, ಮತ್ತು ಸಿವಿಲ್ ಗಾರ್ಡ್ ಪಡೆಯ ಅಧಿಕಾರಿ. ಇವರಿಬ್ಬರ ಜಗಳವನ್ನು ರೋಮಿನ ಪೋಪನಿಗೂ ಇಟಲಿಯ ದೊರೆಗೂ ಇದ್ದ ವೈಮನಸ್ಯಕ್ಕೆ ಹೋಲಿಸಿರುವುದು ಹಾಸ್ಯವೇ ಸರಿ. ಆದರೆ ಆ ಹಾಸ್ಯವು ಕೇವಲ ವಿನೋದಕ್ಕಾಗಿ ಬಂದುದಲ್ಲ. ಜಗಳವು ದೊಡ್ಡವರದು, ಪೆಟ್ಟು ಊರವರಿಗೆ. ನಗುವವನಿಗೆ ಕೊನೆಯಲ್ಲಿ ಈ ಅರಿವು ಉಳಿಯುವುದು.

ಇದೇ ರೀತಿಯು ಊರ ಚಾವಡಿಯ ಸಭೆಯಲ್ಲಿ ಅತ್ಯಂತ ಸ್ಫುಟವಾಗಿ ಕಾಣುವುದು. ನವೆಂಬರ್ 11ರ ಊರಹಬ್ಬವನ್ನು ಹೇಗೆ ನಡೆಸಬೇಕೆಂದು ಹಿರಿಯರ ಪಕ್ಷಕ್ಕೂ ಕಿರಿಯರ ಪಕ್ಷಕ್ಕೂ ವಾದ ನಡೆಯುವುದು. ದೊನ್ ಫಿಲಿಪೊ ಎಂಬವನು ಎದುರಾಳಿಗಳ ಯೋಜನೆಯನ್ನೇ ತನ್ನದೆಂಬಂತೆ ಮಂಡಿಸಿ ಅವರಿಂದಲೇ ಅದನ್ನು ತಿರಸ್ಕರಿಸುವಂತೆ ಮಾಡುವನು. ಬಳಿಕ ಕಿರಿಯರ ಸೂಚನೆಗೆ ಸರ್ವಸಮ್ಮತಿ ದೊರೆಯುವುದು. ಆಗ ಗ್ರಾಮಾಧಿಕಾರಿಯು ಪೇಚಿನಿಂದ ತಿಳಿಸುವುದೇನೆಂದರೆ, ಪಾದ್ರಿಯ ಇಷ್ಟವು ಬೇರೆ: ಆರು ಮೆರವಣಿಗೆ, ಮೂರು ಉಪದೇಶ, ಮೂರು ಮಹಾಪೂಜೆ, ಸಮಯ ಉಳಿದರೆ ನಾಟಕ. ಸಭೆಯು ಅಲ್ಲಿಗೆ ಮುಗಿಯಿತು. ವಾದವೂ ನಿಜ, ಜಾಣತನವೂ ನಿಜ, ಬಹುಮತವೂ ನಿಜ. ತೀರ್ಮಾನವು ಮಾತ್ರ ಮೊದಲೇ ಬೇರೊಂದೆಡೆ ಆಗಿಹೋಗಿತ್ತು. ಪರಾಧೀನವಾದ ಊರಿನ ರಾಜಕೀಯವನ್ನು ಇದಕ್ಕಿಂತ ಅಡಕವಾಗಿ ತೋರಿಸುವುದು ಕಷ್ಟ.

ಶಾಲೆಯದೂ ಸ್ಮಶಾನದದೂ ಇದೇ ಕಥೆ. ಪಾಠ ನಡೆಯುತ್ತಿದ್ದುದು ಪಾದ್ರಿಯ ಮನೆಯ ಕೆಳಗೆ, ಅವನ ಗಾಡಿಯನ್ನು ನಿಲ್ಲಿಸುವ ಎಡೆಯ ಪಕ್ಕದಲ್ಲಿ. ಬೆತ್ತವಿಲ್ಲದೆ ಕಲಿಸಲು ಯತ್ನಿಸಿದ ಉಪಾಧ್ಯಾಯನು ಮತ್ತೆ ಬೆತ್ತವನ್ನು ಹಿಡಿಯಬೇಕಾಯಿತು. ಅರ್ಥ ತಿಳಿಯದ ಸ್ಪ್ಯಾನಿಷ್ ಪುಸ್ತಕವನ್ನು ಮಕ್ಕಳು ಗಿಳಿಪಾಠ ಒಪ್ಪಿಸಬೇಕು, ಉಪಾಧ್ಯಾಯನು ಸ್ಪ್ಯಾನಿಷ್ ಮಾತಾಡಿದರೆ ಪಾದ್ರಿಗೆ ಕೋಪ. ಸ್ಮಶಾನದಲ್ಲಿ ದೊನ್ ರಫಾಯೆಲನ ಹೆಣವು ಕೂಡ ನೆಮ್ಮದಿಯಿಂದ ಮಲಗಲಾರದು. ದಾಮಸೊವಿನ ಆಜ್ಞೆಯಂತೆ ಅದನ್ನು ಅಗೆದು ತೆಗೆದು ಚೀನೀಯರ ರುದ್ರಭೂಮಿಗೆ ಒಯ್ಯಬೇಕಾಗಿತ್ತು. ಮಳೆಯ ರಾತ್ರಿ, ಭಾರವಾದ ಹೆಣ. ಹೊತ್ತವರು ಅದನ್ನು ಸರೋವರಕ್ಕೆ ಎಸೆದರು. ಗುಣಿ ತೋಡುವವನು ಈ ಸಂಗತಿಯನ್ನು ಸತ್ತವನ ಮಗನ ಮುಂದೆಯೇ ದಿನಗೂಲಿಯ ಮಾತಿನಂತೆ ಹೇಳುವನು. ಕರುಣರಸವು ಇಲ್ಲಿ ವಿಲಾಪದಿಂದಲ್ಲ, ಆ ನಿರ್ವಿಕಾರವಾದ ಧ್ವನಿಯಿಂದಲೇ ಹುಟ್ಟುವುದು.

ಇದೆಲ್ಲ ವ್ಯಂಗ್ಯಚಿತ್ರ, ಪಕ್ಷಪಾತದ ಬರಹ ಎಂಬ ಆಕ್ಷೇಪವು ಗ್ರಂಥವು ಹೊರಬಂದಂದಿನಿಂದ ಇದೆ. ಆಕ್ಷೇಪದಲ್ಲಿ ಸ್ವಲ್ಪ ಸತ್ಯವುಂಟು: ದಾಮಸೊ, ಸಾಲ್ವಿ ಎಂಬ ಪಾದ್ರಿಗಳಲ್ಲಿ ಒಳ್ಳೆಯದರ ಲೇಶವೂ ಸುಲಭವಾಗಿ ಕಾಣದು. ಆದರೆ ರಿಸಾಲನು ಊರವರನ್ನೂ ಬಿಟ್ಟಿಲ್ಲ. ಕೋಳಿ ಅಂಕದಲ್ಲಿ ಹಣ ಕಳೆಯುವವರು, ಪದವಿಗಾಗಿ ಸಾಲುಗಟ್ಟುವವರು, ಮಕ್ಕಳನ್ನು ಕಳೆದುಕೊಂಡು ಹುಚ್ಚಿಯಾದ ಸೀಸಾಳನ್ನು ಕಂಡು ಸುಮ್ಮನಿರುವವರು—ಇವರೆಲ್ಲರೂ ಅಲ್ಲಿದ್ದಾರೆ. ತನ್ನವರ ದೋಷವನ್ನು ಮುಚ್ಚದವನ ಮಾತಿಗೆ ಪರರ ದೋಷವನ್ನು ಹೇಳುವಾಗಲೂ ಬೆಲೆಯುಂಟು.

ನಿಜವಾದ ಕೊರತೆಯು ಬೇರೊಂದೆಡೆಯಿದೆ. ಸಾನ್ ದಿಯೆಗೊವಿಗೆ ಮಾದರಿಯೆಂದು ಸಾಮಾನ್ಯವಾಗಿ ಒಪ್ಪಿರುವುದು ಲಗುನಾ ಪ್ರಾಂತದ ಕಲಂಬಾ, ಗ್ರಂಥಕರ್ತನ ಹುಟ್ಟೂರು. ಕಲಂಬಾದ ಬಹುಪಾಲು ಭೂಮಿಯು ಡೊಮಿನಿಕನ್ ಸಂನ್ಯಾಸಿಗಳ ಸಂಘದ ಸ್ವತ್ತು; ರಿಸಾಲನ ಮನೆಯವರೂ ಅದರ ದೊಡ್ಡ ಗೇಣಿದಾರರು. ಸಾನ್ ದಿಯೆಗೊದಲ್ಲಾದರೋ ಪಾದ್ರಿಯ ಬಲವೆಲ್ಲ ಪೂಜಾಪೀಠದಿಂದ, ಪಾಪನಿವೇದನೆಯಿಂದ, ಸ್ಮಶಾನದಿಂದ ಬಂದುದು. ಗದ್ದೆಯ ಗೇಣಿಯಿಂದ ಬಂದುದಲ್ಲ. ಉಳುವವನ ದುಡಿಮೆಯು ಅಲ್ಲಿ ಒಂದು ಅಧ್ಯಾಯಕ್ಕೂ ಮುಖ್ಯ ವಸ್ತುವಾಗಿಲ್ಲ. ಊರಿನ ಹಬ್ಬವನ್ನು ಗಂಟೆಗಂಟೆಗೂ ವರ್ಣಿಸಿದ ಲೇಖನಿಯು ಊರನ್ನು ಪೋಷಿಸುವ ನೆಲವನ್ನು ಗೋಪುರದಿಂದ ಮಾತ್ರ ನೋಡಿತು.

ಗ್ರಂಥವು ಅಚ್ಚಾದ ಮೇಲೆ ಚರಿತ್ರೆಯೇ ಈ ಕೊರತೆಯನ್ನು ಎತ್ತಿ ತೋರಿಸಿತು. ರಿಸಾಲನು 1887ರಲ್ಲಿ ಊರಿಗೆ ಹಿಂದಿರುಗಿದನು. ಗೇಣಿಯ ಏರಿಕೆಯನ್ನು ಕುರಿತು ಒಕ್ಕಲುಗಳು 1888ರ ಜನವರಿಯಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಮನವಿಯನ್ನು ಬರೆದವನು ಅವನೇ. ವ್ಯಾಜ್ಯವು ಬೆಳೆದು, ವೆಯ್ಲರ್ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ ಸೈನ್ಯದ ಸಹಾಯದಿಂದ ಒಕ್ಕಲುಗಳನ್ನು ಮನೆಗಳಿಂದ ಹೊರಡಿಸಲಾಯಿತು. 1891ರಲ್ಲಿ ಘೆಂಟ್ ನಗರದಲ್ಲಿ ಪ್ರಕಟವಾದ ‘ಎಲ್ ಫಿಲಿಬುಸ್ತೆರಿಸ್ಮೊ’ ಎಂಬ ಎರಡನೆಯ ಕಾದಂಬರಿಯಲ್ಲಿ ತಾಲೆಸ್ ಎಂಬ ಒಕ್ಕಲಿಗನು ಕಾಡು ಕಡಿದು ಗದ್ದೆ ಮಾಡುವನು. ಜ್ವರಕ್ಕೆ ಹೆಂಡತಿಯನ್ನೂ ಹಿರಿಯ ಮಗಳನ್ನೂ ತೆರುವನು. ಬೆಳೆ ಕೈಗೆ ಬರುವ ಹೊತ್ತಿಗೆ ಸಂನ್ಯಾಸಿಗಳ ಸಂಘವು ಭೂಮಿ ತನ್ನದೆನ್ನುವುದು. ಇಪ್ಪತ್ತು ಮೂವತ್ತು ಪೆಸೊ ಇದ್ದ ಗೇಣಿಯು ಇನ್ನೂರಕ್ಕೆ ಏರುವುದು. ಕೊನೆಗೆ ಅವನು ಕೊಲೆಗಾರನಾಗುವನು. ಆ ಅಧ್ಯಾಯದ ಮುಕ್ತಾಯದಲ್ಲಿ ರಿಸಾಲನು ಕಥೆಯನ್ನು ನಿಲ್ಲಿಸಿ ಕಲಂಬಾದ ಜನರನ್ನೇ ನೇರವಾಗಿ ಸಂಬೋಧಿಸಿ, ಅವರಲ್ಲಿ ಕೆಲವರನ್ನು ಅವರ ನಿಜವಾದ ಹೆಸರಿನಿಂದಲೇ ಕರೆಯುವನು. ಅವನ ಅಣ್ಣನ ಹೆಸರೂ ಆ ಪಟ್ಟಿಯಲ್ಲಿದೆ. ಕಾವ್ಯದ ಔಚಿತ್ಯವನ್ನೆಣಿಸುವವರಿಗೆ ಇದು ದೋಷ: ಕಲ್ಪಿತ ಲೋಕದ ತೆರೆಯು ಹರಿದುಹೋಯಿತು. ಆದರೆ ಮೊದಲ ಗ್ರಂಥದಲ್ಲಿ ಸಾನ್ ದಿಯೆಗೊ ಎಂಬ ಹೆಸರಿನ ಹಿಂದೆ ಉಳಿದಿದ್ದ ನಿಜವಾದ ಊರು ಇಲ್ಲಿ ತಾನಾಗಿ ಮುಂದೆ ಬಂದು ನಿಂತಿತು. ಈ ದೋಷವನ್ನು ತಿದ್ದಿದರೆ ಗ್ರಂಥದ ಜೀವವೇ ಹೋಗುವುದು.

ಆದುದರಿಂದ ‘ನೋಲಿ’ಯೊಂದನ್ನೇ ಫಿಲಿಪೀನ ಗ್ರಾಮದ ಸಂಪೂರ್ಣ ಚರಿತ್ರೆಯೆಂದು ಪಾಠ ಹೇಳುವುದು ಸರಿಯಲ್ಲ, ಕೇವಲ ಕರಪತ್ರವೆಂದು ತಳ್ಳುವುದು ಇನ್ನೂ ತಪ್ಪು. ಅಧಿಕಾರವು ಊರಿನ ನಿತ್ಯದ ಬಾಳಿನಲ್ಲಿ ಹೇಗೆ ಬೆರೆತಿತ್ತೆಂಬುದನ್ನು ಮೊದಲ ಗ್ರಂಥವು ಹೇಳುವುದು. ಅದು ಯಾವ ನೆಲದಲ್ಲಿ ಬೇರೂರಿತ್ತೆಂಬುದನ್ನು ಎರಡನೆಯದು ಹೇಳುವುದು. 1893ರ ಮೌರಾ ಶಾಸನವು ಗ್ರಾಮಾಧಿಕಾರಿಯ ಹೆಸರನ್ನು ಬದಲಾಯಿಸಿತು; ಸಂನ್ಯಾಸಿ ಸಂಘಗಳ ಜಮೀನುಗಳನ್ನು ಕೊಳ್ಳಲು ಅಮೆರಿಕನ್ ಸರ್ಕಾರವು 1903ರಲ್ಲಿ ಒಪ್ಪಂದ ಮಾಡಿಕೊಂಡಿತು; ಕಲಂಬಾ 2001ರಲ್ಲಿ ನಗರವಾಯಿತು. ಗೋಪುರವನ್ನೇರಿ ಹುಣಿಸೆಯ ಮರದ ಗುರುತಿನಿಂದ ತನ್ನ ಮನೆಯನ್ನು ಹುಡುಕಿದ ಹುಡುಗನ ಊರು ಈಗ ಉಳಿದಿರುವುದು ಈ ಎರಡು ಗ್ರಂಥಗಳಲ್ಲಿ. ಅದನ್ನು ಕಾಣಬಯಸುವವರು ಎರಡನ್ನೂ ಕೂಡಿಸಿ ಓದಬೇಕು.