ಕಾಣದ ದಾರ: ಹೆಸರು ಮತ್ತು ಗುಣ

‘ಕಾಣದ ದಾರ’ ಎಂಬ ಹೆಸರು ನೋಟವನ್ನಷ್ಟೇ ಹೇಳುತ್ತದೆ, ಗುಣವನ್ನಲ್ಲ. ಇದು ಹುರಿಗೊಳಿಸಿದ ನೂಲಲ್ಲ, ಸುಮಾರು 0.1 ಮಿ.ಮೀ. ದಪ್ಪದ ಒಂಟಿ ಪ್ಲಾಸ್ಟಿಕ್ ಎಳೆ. ಬೆಳಕು ಇದರ ಮೂಲಕ ಹಾಯುವುದರಿಂದ ಕೆಳಗಿನ ಬಟ್ಟೆಯ ಬಣ್ಣವೇ ಕಾಣುತ್ತದೆ. ಆದರೆ ನೈಲಾನ್ ಎಳೆ ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುತ್ತದೆ. ಮನೆಯ ಹೊಲಿಗೆ ಯಂತ್ರದಲ್ಲಿ ಹತ್ತಿ ದಾರಕ್ಕೆ ಹೊಂದಿಸಿದ ಬಿಗಿತದಲ್ಲೇ ಹೊಲಿದರೆ, ಹೊಲಿಗೆಯ ಸಾಲು ಆಮೇಲೆ ಸುಕ್ಕುಗಟ್ಟುತ್ತದೆ. ಯಂತ್ರವನ್ನು ದೂರುವ ಮೊದಲು ಮೇಲ್ದಾರದ ಬಿಗಿತ ಸಡಿಲಿಸಿ, ಬಾಬಿನ್‌ಗೆ ಬಟ್ಟೆಯ ಬಣ್ಣದ ಸಾಮಾನ್ಯ ದಾರ ಸುತ್ತಿ, ನಿಧಾನವಾಗಿ ಹೊಲಿದು ನೋಡಬೇಕು.

ನೈಲಾನ್ ಬಿಸಿಲಿಗೆ ಕ್ರಮೇಣ ಹಳದಿಯಾಗುತ್ತದೆ, ಬಿಸಿ ಇಸ್ತ್ರಿಗೆ ಮೆದುವಾಗುತ್ತದೆ. ಪಾಲಿಯೆಸ್ಟರ್ ಎರಡನ್ನೂ ಹೆಚ್ಚು ತಾಳಿಕೊಳ್ಳುತ್ತದೆ. ಹಾಗಾಗಿ ಕೊಳ್ಳುವವರಿಗೆ ಬೇಕಾದದ್ದು ‘ಕಾಣದ’ ಎಂಬ ಹೊಗಳಿಕೆಯಲ್ಲ, ಅದು ಯಾವ ಪ್ಲಾಸ್ಟಿಕ್ ಎಂಬ ಮಾಹಿತಿ. ಅದನ್ನು ನಮೂದಿಸದ ರೀಲನ್ನು ಬೆಲೆಬಾಳುವ ಸೀರೆಯ ಫಾಲ್‌ಗೆ ಬಳಸದಿರುವುದೇ ಲೇಸು.